ಲೋಕಲ್ ಅದೀರೇನ್ರಿ?

ಮೊನ್ನೆ ಸಿಂಧನೂರಿನ ಒಂದು ಮೊಬೈಲ್ ಅಂಗಡಿಯಲ್ಲಿ ಚಾರ್ಜರ್ ಕೇಳಿದೆ. ಅಂಗಡಿಯಾಕೆ ಎರಡು ಚಾರ್ಜರ್ ತೆಗೆದು ಗಾಜಿನ ಮೇಲೆ ಇಟ್ಟಳು. ಕಣ್ಣಿಗೆ ಎರಡೂ ಒಂದೇ. "ಇದು ಕಂಪನಿದು ಐತ್ರಿ ಸರ್. ಇದು ಲೋಕಲ್" ಅಂದಳು. ಲೋಕಲ್ ಅನ್ನುವಾಗ ಅವಳ ದನಿ ಸ್ವಲ್ಪ ಇಳಿಯಿತು, ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವ ಮೈದುನನ ವಿಷಯ ಬಂದಾಗ ಇಳಿಯುವಂತೆ. ಎಲ್ಲಿ ತಯಾರಾಗಿದ್ದು ಎಂದು ಎರಡನ್ನೂ ತಿರುಗಿಸಿ ನೋಡಿದೆ. ಎರಡೂ ಚೀನಾದವು. ಸಿಂಧನೂರಿನಲ್ಲಾಗಲಿ, ಆಚೆಯ ಮಸ್ಕಿ, ಲಿಂಗಸುಗೂರಿನಲ್ಲಾಗಲಿ ಯಾರಾದರೂ ಚಾರ್ಜರ್ ತಯಾರಿಸಿದ್ದನ್ನು ನಾನು ಕೇಳಿಲ್ಲ. ಸಮುದ್ರ ದಾಟಿ ಬಂದ ವಸ್ತು ನಮ್ಮೂರ ಗಾಜಿನ ಪೆಟ್ಟಿಗೆಯೊಳಗೆ ಕೂತದ್ದೇ ಲೋಕಲ್ ಆದದ್ದು ಹೇಗೆ ಎಂದು ಕೇಳಬೇಕೆನಿಸಿತು. ಹಿಂದೆ ಇಬ್ಬರು ಕಾಯುತ್ತಿದ್ದರು, ಕೇಳಲಿಲ್ಲ. ಲೋಕಲ್ಲನ್ನೇ ಕೊಂಡು ಬಂದೆ. ಸದ್ಯಕ್ಕೆ ನಡೆಯುತ್ತಿದೆ.

ಅದೇ ಪದ ನಾಲ್ಕು ಅಂಗಡಿ ಆಚೆ ಅಕ್ಕಿ ವ್ಯಾಪಾರಿಯ ಬಾಯಲ್ಲಿ ಎದೆ ಸೆಟೆಸಿ ನಿಲ್ಲುತ್ತದೆ. "ಪಕ್ಕಾ ಲೋಕಲ್ ಸೋನಾ ಮಸೂರಿ ರೀ, ನಮ್ಮ ಕಾಲುವಿ ನೀರಿಂದು" ಎಂದು ಅವನು ಹಿಡಿ ಅಕ್ಕಿ ತೆಗೆದು ಮೂಗಿನ ಹತ್ತಿರ ತರುತ್ತಾನೆ. ಚಾರ್ಜರ್ ಲೋಕಲ್ ಆದರೆ ಕೆಟ್ಟದ್ದು, ಅಕ್ಕಿ ಲೋಕಲ್ ಆದರೆ ಒಳ್ಳೆಯದು. ಶಾಲೆಗೆ ಲೋಕಲ್ ಹಾಲಿಡೇ ಇದೆ. ಪಕ್ಕದ ಊರಿನ ಮಕ್ಕಳು ಪಾಠ ಕೇಳುತ್ತಿರುವಾಗ ನಮ್ಮವು ಮಾತ್ರ ಬೀದಿಯಲ್ಲಿರುವುದರಿಂದ ಅದರ ರುಚಿಯೇ ಬೇರೆ. ಹಲ್ಲು ಕೀಳುವ ಡಾಕ್ಟರು "ಲೋಕಲ್ ಕೊಡ್ತೀನ್ರಿ, ಏನೂ ಗೊತ್ತಾಗಂಗಿಲ್ಲ" ಅಂದರು. ಖರೆ, ಏನೂ ಗೊತ್ತಾಗಲಿಲ್ಲ. ತುಟಿ ಎಲ್ಲಿ ಮುಗಿಯಿತು, ಗಲ್ಲ ಎಲ್ಲಿ ಶುರುವಾಯಿತು ತಿಳಿಯದೆ ಆಮೇಲೆ ಚಹಾವನ್ನೆಲ್ಲ ಅಂಗಿಗೆ ಕುಡಿಸಿದೆ.

ಇವೆಲ್ಲಕ್ಕಿಂತ ಹೆಚ್ಚು ಓಡಾಡುವುದು ಫೋನಿನ ಲೋಕಲ್. "ಸರ್, ಲೋಕಲ್ ಅದೀರೇನ್ರಿ?" ಎಂದು ಯಾರಾದರೂ ಕೇಳಿದರೆ, ಅವರು ನಿಮ್ಮ ಹುಟ್ಟೂರನ್ನು ಕೇಳುತ್ತಿಲ್ಲ. ನೀವು ಈಗ ಊರಲ್ಲಿದ್ದೀರೋ ಇಲ್ಲವೋ, ಅಂದರೆ ಕೈಗೆ ಸಿಗುತ್ತೀರೋ ಇಲ್ಲವೋ ಎಂದು ಕೇಳುತ್ತಿದ್ದಾರೆ. ಬಲ್ಲವರು ಇದಕ್ಕೆ ಹೌದು ಅಲ್ಲ ಅನ್ನುವುದಿಲ್ಲ. "ಯಾಕ್ರೀ?" ಅನ್ನುತ್ತಾರೆ. ಕೆಲಸ ಏನೆಂದು ತಿಳಿದ ಮೇಲೆ ಊರಲ್ಲಿರಬೇಕೋ ಬಿಡಬೇಕೋ ನಿರ್ಧರಿಸುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ಪರೀಕ್ಷೆ ಕೆಲಸ ಹಂಚುವ ದಿನ ಎಂದೂ ಲೋಕಲ್ ಇರುವುದಿಲ್ಲ. ಒಮ್ಮೆ ಅವರು "ಲೋಕಲ್ ಇಲ್ರಿ, ಹೈದರಾಬಾದಿನಾಗ ಅದೀನಿ" ಅಂದಾಗ ಅವರ ದನಿಯ ಹಿಂದೆ ನಮ್ಮ ಬಸ್ ನಿಲ್ದಾಣದ ಕಂಡಕ್ಟರು "ಮಸ್ಕಿ, ಲಿಂಗಸುಗೂರ್, ಮಸ್ಕಿ, ಲಿಂಗಸುಗೂರ್" ಎಂದು ಕೂಗುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು. ನಾವಿಬ್ಬರೂ ಆ ಕೂಗು ಹೈದರಾಬಾದಿನದೇ ಎಂಬಂತೆ ಮಾತು ಮುಗಿಸಿದೆವು.

ಇನ್ನು ನನ್ನ ಕಥೆ. ನಾನು ಹುಟ್ಟಿದ್ದು ಲಿಂಗಸುಗೂರಿನ ತಾಯಿಯ ತವರಲ್ಲಿ. ಬೆಳೆದದ್ದು ತುರ್ವಿಹಾಳದಲ್ಲಿ, ಅಪ್ಪ ಅಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ಕೆಲವು ವರ್ಷ. ಹೈಸ್ಕೂಲು ಮಸ್ಕಿಯ ಮಾವನ ಮನೆಯಲ್ಲಿ. ನೌಕರಿ ಸಿಂಧನೂರಿನಲ್ಲಿ, ಕಾಲೇಜಿನಲ್ಲಿ ಇತಿಹಾಸ ಕಲಿಸುವುದು. ಸಿಂಧನೂರಿನ ನೆರೆಯವರಿಗೆ ನಾನು "ಲಿಂಗಸುಗೂರು ಸರ್". ಲಿಂಗಸುಗೂರಿಗೆ ಹೋದರೆ ಬಾಗಿಲಲ್ಲೇ "ಸಿಂಧನೂರಿನವ್ರು ಬಂದ್ರು ನೋಡ್ರಿ" ಅನ್ನುತ್ತಾರೆ. ಮಸ್ಕಿಯಲ್ಲಿ ಏನೂ ಅನ್ನುವುದಿಲ್ಲ, ಗುರುತೇ ಹಿಡಿಯುವುದಿಲ್ಲ.

ನನ್ನ ನೆನಪನ್ನು ನಂಬಿ ನಾನು ಎಲ್ಲಿಯಾದರೂ ಊರಿನವನಾಗೋಣವೆಂದರೆ ಅದೂ ಆಗುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ನಮಗೆ ಕಲಿಸಿದ್ದು ಒಂದೇ: ಕಣ್ಣಾರೆ ಕಂಡೆ ಅನ್ನುವವನನ್ನು ಮೊದಲು ಅನುಮಾನಿಸು. ನಾನು ಅದನ್ನು ಶ್ರದ್ಧೆಯಿಂದ ಕಲಿತೆ, ಎಷ್ಟೆಂದರೆ ಈಗ ಬೇರೆಯವರಿಗಿಂತ ಹೆಚ್ಚು ನನ್ನನ್ನೇ ಅನುಮಾನಿಸುತ್ತೇನೆ. ಕಾರಣವಿಲ್ಲದೆ ಇಲ್ಲ. ಕಾಲುವೆಗೆ ಮೊದಲ ಸಲ ನೀರು ಬಿಟ್ಟ ದಿನ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಒಣಗಿದ ಮಣ್ಣಿನ ಮೇಲೆ ಕೆಂಪು ನೀರು ನಾಲಿಗೆ ಚಾಚಿ ಬರುತ್ತಿತ್ತು, ಅದರ ಮುಂದೆ ಕಸಕಡ್ಡಿ, ಇರುವೆ, ಒಂದು ಹಳೆ ಚಪ್ಪಲಿ. ಇದನ್ನು ನಾನು ಬಹಳ ವರ್ಷ ಹೇಳಿಕೊಂಡು ಬಂದೆ. ಕೊನೆಗೆ ಅಕ್ಕ ಒಮ್ಮೆ ಬೇಸರದಿಂದ, "ಅವತ್ತು ನೀ ಹುಟ್ಟೇ ಇರಲಿಲ್ಲೋ. ನಮ್ಮಪ್ಪ ತನ್ನ ಅಪ್ಪನ ಹೆಗಲ ಮ್ಯಾಲ ಕುಂತು ನೋಡಿದ್ದು ಅದು" ಅಂದಳು. ಹೆಗಲೂ ನನ್ನದಲ್ಲ, ನೀರೂ ನನ್ನದಲ್ಲ. ಆದರೆ ಆ ಚಪ್ಪಲಿ ಈಗಲೂ ನನ್ನ ಕಣ್ಣ ಮುಂದೆ ತೇಲುತ್ತದೆ.

ಇಂಥ ನನ್ನನ್ನು ಒಂದು ಭಾನುವಾರ ಸಾಕ್ಷಿ ಹೇಳಲು ಕರೆದೊಯ್ದರು.

ಊಟ ಮಾಡಿ ಅಡ್ಡಾಗಿದ್ದೆ. ಫೋನು ಬಂತು. "ಸರ್, ಲೋಕಲ್ ಅದೀರೇನ್ರಿ?" ದನಿ ಖಾಜಾನದು. ತುರ್ವಿಹಾಳದವನು, ಹಿಂದೆ ನನ್ನ ವಿದ್ಯಾರ್ಥಿ, ಈಗ ಅಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ, ಊರಿನ ಕ್ರಿಕೆಟ್ ತಂಡದ ಕ್ಯಾಪ್ಟನ್ ಕೂಡ. ನಿದ್ದೆಯ ಮಂಪರಿನಲ್ಲಿ "ಯಾಕ್ರೀ" ಅನ್ನುವುದನ್ನು ಮರೆತು "ಹೂಂ, ಅದೀನಿ" ಅಂದುಬಿಟ್ಟೆ.

"ಹಂಗಾದ್ರ ಹೊರಗ ಬರ್ರಿ. ನಿಮ್ಮ ಮನಿ ಮುಂದನ ಗಾಡಿ ನಿಂದ್ರಿಸೀನಿ."

ದಾರಿಯಲ್ಲಿ, ಗಾಳಿಗೆ ಅರ್ಧ ಹಾರಿಹೋಗುವಂತೆ, ಅವನು ವಿಷಯ ಹೇಳಿದ. ಭತ್ತ ಕೊಯ್ದ ಗದ್ದೆಯಲ್ಲಿ ಟೆನಿಸ್ ಬಾಲ್ ಟೂರ್ನಮೆಂಟು. ಇವತ್ತು ಫೈನಲ್, ತುರ್ವಿಹಾಳಕ್ಕೂ ಮಸ್ಕಿಗೂ. ಆಟದ ಕಟ್ಟುನಿಟ್ಟಾದ ಕಾನೂನು ಒಂದೇ: ಆಡುವವರು ಲೋಕಲ್ ಇರಬೇಕು. ಹಿಂದೆ ಕೆಲವು ಊರಿನವರು ದೂರದಿಂದ ಆಟಗಾರರನ್ನು ತಂದು, ತಿಂಗಳ ಮಟ್ಟಿಗೆ ಒಂದು ಖೋಲಿ ಹಿಡಿದುಕೊಟ್ಟು, ಇವರು ನಮ್ಮೂರವರೇ ಅಂದಿದ್ದರಂತೆ. ಅಂದಿನಿಂದ ಬಾಡಿಗೆ ಮನೆಗೆ ಬೆಲೆಯಿಲ್ಲ. ಆಧಾರ್ ಕಾರ್ಡಿಗೂ ಇಲ್ಲ. ದುಡಿಯಲು ಹೋಗಿ ಬಂದವರ ಕಾರ್ಡಿನಲ್ಲಿ ಯಾವ ಯಾವುದೋ ಊರು ಇರುವುದರಿಂದ, ಅದನ್ನು ನೋಡಿದರೆ ಯಾವ ಊರಿಗೂ ಹನ್ನೊಂದು ಮಂದಿ ಸಿಗುವುದಿಲ್ಲ. ಮನೆತನ ಊರಿಗೆ ಹಳೆಯದು ಎಂದು ತೋರಿಸಬೇಕು.

ಮಸ್ಕಿಯವರ ತಕರಾರು ತುರ್ವಿಹಾಳದ ಬೌಲರ್ ಬಿಸು ಎಂಬವನ ಮೇಲೆ. ಪೂರ್ತಿ ಹೆಸರು ಬಿಶ್ವಜಿತ್. ಅವನ ಮನೆಯವರು ಆರ್.ಎಚ್. ಕ್ಯಾಂಪಿನ ಬಂಗಾಳಿಗಳು, ಎಷ್ಟೋ ವರ್ಷದ ಹಿಂದೆ ನಿರಾಶ್ರಿತರಾಗಿ ಬಂದು ಸರ್ಕಾರ ಕೊಟ್ಟ ಜಮೀನಿನಲ್ಲಿ ಭತ್ತ ಬೆಳೆದು ನೆಲೆಯಾದವರು. ಬಿಸು ತುರ್ವಿಹಾಳದಲ್ಲಿ ಬಾಡಿಗೆ ಮನೆಯಲ್ಲಿದ್ದು ಪಂಪ್‌ಸೆಟ್ಟಿನ ಮೋಟರು ರಿಪೇರಿ ಮಾಡುತ್ತಾನೆ. ಕ್ಯಾಂಪಿಗೆ ಅದರದೇ ತಂಡವಿದೆ, ಅಲ್ಲಿ ಆಡಲಿ ಎಂದು ಮಸ್ಕಿಯವರ ವಾದ.

"ಆಡಬೋದಲ್ಲ?" ಅಂದೆ.

"ಹ್ವಾದ ವರ್ಷ ಹೋಗಿದ್ದ ಸರ್. ನೀ ತುರ್ವಿಹಾಳದಾಗ ಇರ್ತಿ, ಕ್ಯಾಂಪಿಗಿ ಲೋಕಲ್ ಅಲ್ಲ ಅಂತ ಅವ್ರು ಹೊರಗ ಕೂಡಿಸಿದ್ರು. ಈ ವರ್ಷ ಇವ್ರೂ ಕೂಡಿಸಿದ್ರ ಅವ ಯಾವೂರ ಪರ ಆಡಬೇಕ್ರಿ? ಬ್ಯಾಟ್ ಹಿಡ್ಕೊಂಡು ಕಾಲುವಿ ಪರ ಆಡಬೇಕು."

"ಇದ್ರಾಗ ನಂದೇನು?"

"ಒಮ್ಮೆ ಕ್ಲಾಸಿನಾಗ ಹೇಳಿದ್ರಿ ನೀವು. ಸಣ್ಣವ್ರಿದ್ದಾಗ ತುರ್ವಿಹಾಳದಾಗ ನಿಮ್ಮ ಓಣ್ಯಾಗ ಒಬ್ಬಾಕಿ ಬಂಗಾಲಿ ಅಮ್ಮ ಇದ್ಲು, ಮೀನ ಮಾರ್ತಿದ್ಲು ಅಂತ. ಅಕೀನ ಬಿಸುನ ಅಜ್ಜಿ, ಆಗ ಕ್ಯಾಂಪ್ ಬಿಟ್ಟು ನಮ್ಮೂರಾಗ ಮನಿ ಮಾಡಿದ್ಲು. ಈಗ ತೀರ್ಕೊಂಡಾಳ. ಅಕಿ ಈ ಊರಾಗ ಇದ್ಲು ಅಂತ ನೀವೊಂದು ಮಾತು ಹೇಳಿದ್ರ ಮುಗೀತು."

ಮೂರು ವರ್ಷ ನಾನು ಕಲಿಸಿದ್ದರಲ್ಲಿ ಖಾಜಾನಿಗೆ ಉಳಿದದ್ದು ಇದೊಂದೇ ವಾಕ್ಯ. ಅದೂ ಪಾಠ ಬಿಟ್ಟು ಬೇರೆ ಎತ್ತಲೋ ಹೋದಾಗ ಆಡಿದ್ದಿರಬೇಕು. ಬಿಸುವಿನ ಮನೆಯವರ ಸಾಕ್ಷಿ ನಡೆಯುವುದಿಲ್ಲ, ಅವರು ಮನೆಯವರು. ತುರ್ವಿಹಾಳದ ಹಿರಿಯರ ಸಾಕ್ಷಿಯೂ ನಡೆಯುವುದಿಲ್ಲ, ಗೆಲ್ಲಬೇಕಾದವರು ಅವರೇ. ಊರಿನವನೂ ಆಗಿರಬೇಕು, ಊರಿನವನು ಆಗಿರಲೂಬಾರದು, ಅಂಥವನೊಬ್ಬ ಬೇಕಿತ್ತು. ಆ ಕೆಲಸಕ್ಕೆ ನಾನು ಹುಟ್ಟಿನಿಂದಲೇ ತಯಾರಾಗಿದ್ದೆ.

ಗದ್ದೆಯಲ್ಲಿ ಕೂಳೆ ಕೆರೆದು ಪಿಚ್ ಮಾಡಿದ್ದರು. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ನನ್ನನ್ನು ಕೂಡಿಸಿದರು. ಒಂದು ಗ್ಲಾಸು ಮಜ್ಜಿಗೆ ಬಂತು. ಮಸ್ಕಿಯ ಕ್ಯಾಪ್ಟನ್ ಅಮರೇಶ ಎದುರಿಗೆ ಬಂದು ಕೈಮುಗಿದ. ಮರ್ಯಾದಸ್ಥ ಹುಡುಗ, ವಕೀಲಿ ಓದಿದ್ದಾನೆಂದು ಆಮೇಲೆ ತಿಳಿಯಿತು. ಬಿಸು ಸ್ವಲ್ಪ ದೂರದಲ್ಲಿ ನಿಂತು ಚೆಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಳ್ಳುತ್ತಿದ್ದ. ತೆಳ್ಳಗೆ, ಎತ್ತರಕ್ಕೆ, ಕಾಲಲ್ಲಿ ಬೇರೆ ಬೇರೆ ಬಣ್ಣದ ಲೇಸು ಕಟ್ಟಿದ ಬೂಟು.

"ಸರ್, ಒಬ್ಬಾಕಿ ಬಂಗಾಲಿ ಅಮ್ಮ ನಿಮ್ಮ ಓಣ್ಯಾಗ ಇದ್ಲೇನ್ರಿ?" ಅಮರೇಶ ಕೇಳಿದ.

"ಇದ್ಲು."

"ನೀವು ಕಣ್ಣಾರೆ ನೋಡೀರಿ?"

ಇಲ್ಲಿ ಹೌದು ಅಂದಿದ್ದರೆ ಆಟ ಆಗಲೇ ಶುರುವಾಗುತ್ತಿತ್ತು. ಆದರೆ ಆ ಶಬ್ದ ಕೇಳಿದ್ದೇ ನನ್ನೊಳಗಿನ ವಿಶ್ವವಿದ್ಯಾಲಯ ಎದ್ದು ಕೂತಿತು. "ನೋಡಿದಂಗ ನೆನಪೈತಿ" ಅಂದೆ.

"ನೋಡೀರೋ, ನೋಡಿದಂಗ ನೆನಪೈತೋ?"

"ಎರಡಕ್ಕೂ ಫರಕ್ ಹೇಳೋದು ಕಷ್ಟ."

ಖಾಜಾ ತಲೆ ಹಿಡಿದುಕೊಂಡ. "ಕ್ಯಾ ಸರ್, ಇಷ್ಟು ದೂರ ಕರ್ಕೊಂಡು ಬಂದೀನಿ" ಎಂದು ನನ್ನ ಕಿವಿಯಲ್ಲಿ ಗೊಣಗಿದ.

ಅಮರೇಶ ನಕ್ಕ. "ನಮ್ಮೂರಾಗ ಕಲ್ಲು ಸಾಕ್ಷಿ ಹೇಳ್ತಾವ್ರಿ ಸರ್. ನಿಮ್ಮೂರಾಗ ಮನಷ್ಯಾರೂ ಹೇಳವಲ್ರು" ಅಂದ. ಮಸ್ಕಿಯಲ್ಲಿ ಅಶೋಕನ ಶಾಸನವಿದೆ. ಮಸ್ಕಿಯವರು ಯಾವ ಜಗಳಕ್ಕಾದರೂ ಅಶೋಕನನ್ನು ಕರೆತರುತ್ತಾರೆ. ನಗು ಇಳಿದ ಮೇಲೆ ಅವನು ಮೆತ್ತಗೆ ಇನ್ನೊಂದು ಪ್ರಶ್ನೆ ಕೇಳಿದ. "ಅಲ್ರಿ ಸರ್, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ತುರ್ವಿಹಾಳದಾಗ ಇದ್ರಿ ಅನ್ನೋದಕ್ಕ ಸಾಕ್ಷಿ ಯಾರು?"

ನಾನು ತುರ್ವಿಹಾಳದವರ ಕಡೆ ನೋಡಿದೆ. ತುರ್ವಿಹಾಳದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರುಮಾಲು ಸುತ್ತಿದ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ಅಳೆದು, "ಮಾಸ್ತರು ಭಾಳ ಮಂದಿ ಬಂದ್ರು, ಹ್ವಾದ್ರು. ಮಕ್ಕಳನ್ನ ಯಾರು ನೆನಪಿಡ್ತಾರ" ಅಂದರು. ಸಾಕ್ಷಿ ಹೇಳಲು ಬಂದವನು ಆರೋಪಿಯ ಜೊತೆ ನಿಂತಂತಾಯಿತು. ಮಜ್ಜಿಗೆ ಅಲ್ಲೇ ಕೈಯಲ್ಲಿ ಬೆಚ್ಚಗಾಗುತ್ತಿತ್ತು.

ಆಗ ಬಿಸು ಚೆಂಡು ನಿಲ್ಲಿಸಿದ.

"ನಮ್ಮಜ್ಜಿ ಒಂದು ಕತಿ ಹೇಳ್ತಿದ್ಲು" ಅಂದ. ಅವನ ಮಾತಿನಲ್ಲಿ ಬಂಗಾಳದ ಸುಳಿವೂ ಇರಲಿಲ್ಲ, ಖಾಜಾನ ಮಾತಿನಂತೆಯೇ ಇತ್ತು. "ಅಕಿ ಈ ಊರಾಗ ಇದ್ದಾಗ ಬಾಜೂಕ ಒಬ್ರು ಮಾಸ್ತರ್ ಮನಿ. ಲಿಂಗಸುಗೂರು ಕಡ್ಯಾರು. ಮನ್ಯಾಗ ಉಳ್ಳಾಗಡ್ಡಿ ಸೈತ ಮುಟ್ಟದ ಮಂದಿ. ಆ ಮಾಸ್ತರ್ ಮಗ ಸಾಲಿ ಬಿಟ್ಟ ಕೂಡ್ಲೇ ನಮ್ಮಜ್ಜಿ ಅಡಗಿಮನಿಗಿ ಬಂದು ಹುರಿದ ಮೀನ ತಿಂತಿದ್ನಂತ. ಒಂದಿನ ಗಂಟಲಾಗ ಮುಳ್ಳು ಸಿಗಬಿತ್ತು. ಅಕಿ ಬಿಸಿ ಅನ್ನದ ಉಂಡಿ ನುಂಗಿಸಿ ಮುಳ್ಳು ಇಳಿಸಿ, ಮಸೀದಿ ಮುಂದಿನ ಬಾವ್ಯಾಗ ನೀರು ಸೇದಿ ಬಾಯಿ ತೊಳಿಸಿ, ಕರಿಬೇವು ಅಗಿಸಿ ಮನಿಗಿ ಕಳಿಸಿದ್ಲಂತ. ಅಕಿ ಸಾಯೋ ತನಕ ಹೇಳಿ ನಗತಿದ್ಲು."

ಶಾಮಿಯಾನದ ಕೆಳಗೆ ದೊಡ್ಡ ನಗು ಎದ್ದಿತು. ಎಲ್ಲರೂ ನನ್ನ ಗಂಟಲನ್ನು ನೋಡತೊಡಗಿದರು.

"ಅದು ನೀವೇನ್ರಿ ಸರ್?" ಅಮರೇಶ ಕೇಳಿದ.

ನನಗೆ ಅಂಥದ್ದೊಂದು ನೆನಪೇ ಇಲ್ಲ. ನಮ್ಮ ಮನೆಯಲ್ಲಿ ಮೀನಿನ ಹೆಸರನ್ನೂ ಎತ್ತುತ್ತಿರಲಿಲ್ಲ, ಅದು ಖರೆ. ಲಿಂಗಸುಗೂರಿನ ಕಡೆಯವರು, ಅದೂ ಖರೆ. ಆದರೆ ಆ ಕಾಲಕ್ಕೆ ಲಿಂಗಸುಗೂರಿನಿಂದ ಬಂದ ಮಾಸ್ತರರು ನಮ್ಮಪ್ಪ ಒಬ್ಬರೇ ಅಲ್ಲ, ಅವರಿಗೆಲ್ಲ ಗಂಡುಮಕ್ಕಳಿದ್ದರು, ಶಾಲೆ ಬಿಟ್ಟ ಮೇಲೆ ಗಂಡುಮಕ್ಕಳಿಗೆಲ್ಲ ಹಸಿವಾಗುತ್ತಿತ್ತು. ವಿದ್ಯಾರ್ಥಿಯೊಬ್ಬ ಇಂಥ ಪುರಾವೆಯ ಮೇಲೆ ಪ್ರಬಂಧ ಬರೆದು ತಂದರೆ ನಾನು ತಿರುಗಿಸಿ ಕಳಿಸುತ್ತಿದ್ದೆ. ಗೊತ್ತಿಲ್ಲ ಅನ್ನುವುದೇ ಸರಿಯಾದ ಉತ್ತರವಾಗಿತ್ತು.

ಬಿಸು ನನ್ನನ್ನು ನೋಡುತ್ತಿದ್ದ. ಬೇಡಿಕೊಳ್ಳುವ ನೋಟವಲ್ಲ. ಈ ಉತ್ತರವನ್ನು ಒಮ್ಮೆ ಕೇಳಿ ಗೊತ್ತಿರುವವನ ನೋಟ. ಅವನ ಬೆರಳುಗಳು ಆಗಲೇ ಬೂಟಿನ ಲೇಸಿನ ಕಡೆಗೆ ಇಳಿಯುತ್ತಿದ್ದವು, ಬಿಚ್ಚಲು.

"ಹೌದು" ಅಂದೆ. "ನಾನೇ."

ತುರ್ವಿಹಾಳದವರು ಚಪ್ಪಾಳೆ ತಟ್ಟಿದರು. ಖಾಜಾ ನನ್ನ ಬೆನ್ನು ಚಪ್ಪರಿಸಲು ಎತ್ತಿದ ಕೈಯನ್ನು ಗುರುವೆಂದು ನೆನಪಾಗಿ ಕೆಳಗಿಳಿಸಿದ. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಸುಳ್ಳು ಹೇಳಿ ಅಭ್ಯಾಸವಿಲ್ಲದವನಿಗೆ ಅದರ ಪಕ್ಕದಲ್ಲಿ ಒಂದು ಖರೆಯನ್ನು ಇಡಬೇಕೆನಿಸುತ್ತದೆ. ನಾನು ಅಂದೆ, "ಆದ್ರ ಬಾವಿ ಮಸೀದಿ ಮುಂದ ಇರಲಿಲ್ಲಪ. ಸಾಲಿ ಹಿಂದ ಇತ್ತು."

ಬಿಸುವಿನ ಮುಖ ಬಿಗಿಯಾಯಿತು. "ಇಲ್ರಿ ಸರ್. ಮಸೀದಿ ಮುಂದ."

"ನಾನು ದಿನಾ ನೋಡ್ತಿದ್ದೆ. ಸಾಲಿ ಕಿಟಕ್ಯಾಗ ನೀರು ಸೇದೋ ಗಾಲಿ ಸಪ್ಪಳ ಕೇಳ್ತಿತ್ತು."

"ನಮ್ಮಜ್ಜಿ ದಿನಾ ನೀರು ಸೇದ್ತಿದ್ಲು. ನೀವು ಬರೀ ಸಪ್ಪಳ ಕೇಳೀರಿ."

"ಲೇ ಬಿಸು, ಸುಮ್ನಿರೋ, ಸರ್ ಹೌದಂದಾರ" ಎಂದು ಖಾಜಾ ಅವನ ತೋಳು ಜಗ್ಗಿದ. ಬಿಸು ಸುಮ್ಮನಿರಲಿಲ್ಲ. ಆಟ ಕೈಬಿಟ್ಟು ಹೋದರೂ ಅಜ್ಜಿಯ ಬಾವಿಯನ್ನು ಅವನು ಬಿಡುವಂತಿರಲಿಲ್ಲ. ನಾನೂ ಬಿಡಲಿಲ್ಲ, ಅವತ್ತು ನಾನು ಹೇಳಿದ್ದರಲ್ಲಿ ನಾನೇ ನಂಬಿದ್ದು ಅದೊಂದೇ. ರುಮಾಲಿನ ಹಿರಿಯರು "ಮಸೀದಿ ಮುಂದ ಇದ್ದದ್ದು ದನದ ಗ್ವಾದಲಿ" ಅಂದರು. ಅವರ ಪಕ್ಕದವರು "ಗ್ವಾದಲಿ ಆಮ್ಯಾಲ ಕಟ್ಟಿದ್ದು, ಮೊದಲು ಬಾವೀನ" ಅಂದರು. ಊರು ನೋಡನೋಡುತ್ತಿದ್ದಂತೆ ಎರಡು ಪಾಳೆಯವಾಯಿತು. ಮಸ್ಕಿಯ ಹನ್ನೊಂದು ಮಂದಿ ಬೂಟು ಕಟ್ಟಿಕೊಂಡು ಬದುವಿನ ಮೇಲೆ ಕೂತು ಆಲಿಸಿದರು.

ಕೊನೆಗೆ ಅಮರೇಶ ಎದ್ದು ಪ್ಯಾಂಟಿನ ಧೂಳು ಕೊಡವಿದ. "ಆಡ್ಲಿ ಬಿಡ್ರಿ ಅವ. ಹೊರಗಿನ ಮಂದಿ ಇಂಥಾ ಜಗಳ ಆಡಂಗಿಲ್ಲ. ಹೊತ್ತು ಇಳ್ಯಾಕತ್ತೈತಿ, ಬಾಲ್ ತರ್ರಿ" ಅಂದ.

ನನ್ನ ಸುಳ್ಳಿನಿಂದಲ್ಲ, ನನ್ನ ಹಟದಿಂದ ಬಿಸು ಆಡಿದ. ಮೊದಲ ಓವರಿನಲ್ಲೇ ಅಮರೇಶನ ವಿಕೆಟ್ಟು ಕಿತ್ತ. "ನಮ್ಮ ಬಿಸು, ನಮ್ಮ ಬಿಸು" ಎಂದು ನನ್ನ ಹಿಂದಿದ್ದವರು ಕೂಗಿದರು. ಆಮೇಲೆ ಆಟ ಜಗ್ಗಾಡುತ್ತಾ ಕೊನೆಯ ಓವರಿಗೆ ಬಂತು. ಅದನ್ನೂ ಬಿಸುವೇ ಹಾಕಿದ. ಮಸ್ಕಿಯ ಒಬ್ಬ ದಪ್ಪನೆಯ ಹುಡುಗ ಚೆಂಡನ್ನು ಕಾಲುವೆಯ ಆಚೆಗೆ ಹೊಡೆದ. ಮುಗಿಯಿತು, ಮಸ್ಕಿ ಗೆದ್ದಿತು. ನನ್ನ ಹಿಂದಿದ್ದ ಅದೇ ದನಿ, ಸ್ವಲ್ಪವೂ ನಡುಗದೆ, "ಕ್ಯಾಂಪಿನವನಿಗಿ ಕೊನೀ ಓವರ್ ಕೊಡಬಾರದಿತ್ತು" ಅಂದಿತು. ನಾನು ತಿರುಗಿ ನೋಡಿದೆ. ಆತ ನನಗೂ ಸೇರಿಸಿ ಹೇಳುತ್ತಿರುವಂತೆ ತಲೆ ಆಡಿಸಿದ.

ಖಾಜಾ ಶಾಮಿಯಾನ ಬಿಚ್ಚಿಸುವುದರಲ್ಲಿದ್ದ, ನನ್ನನ್ನು ವಾಪಸು ಬಿಡಲು ಯಾರಿಗೂ ಅವಸರವಿರಲಿಲ್ಲ. ಬಿಸು ಬಂದು ನಿಂತ. ಬೆವರಿಗೆ ಅಂಗಿ ಅಂಟಿತ್ತು.

"ಸರ್, ಖರೇ ಹೇಳ್ರಿ. ಆ ಮಾಸ್ತರ್ ಮಗ ನೀವೇನಾ?"

"ನನಗ ನೆನಪಿಲ್ಲ ಬಿಸು."

ಅವನು ಬಗ್ಗಿ ಬೂಟಿನ ಲೇಸು ಬಿಗಿದ. "ಹಂಗಾದ್ರ ನಾನು ಸುಳ್ಳಸುಳ್ಳೇ ಲೋಕಲ್ ಆದೆ" ಅಂದ.

ಏನೋ ಸಮಾಧಾನ ಹೇಳಲು ಹೊರಟೆ. ಬಾಯಿಗೆ ಬಂದದ್ದು ಮಾತ್ರ ಬೇರೆ: "ಬಾವಿ ಸುಳ್ಳಲ್ಲ."

"ಅದಂತೂ ಸುಳ್ಳಲ್ರಿ" ಅಂದ ಅವನು, ತಲೆ ಎತ್ತಿ. "ಬರ್ರಿ, ನೋಡಿಬಿಡೋಣು."

ಓಣಿ ನನಗೆ ಗುರುತು ಸಿಗಲಿಲ್ಲ. ಎಲ್ಲ ಕಡೆ ಸಿಮೆಂಟು ಹಾಕಿದ್ದರು. ಶಾಲೆಗೆ ಹೊಸ ಕಟ್ಟಡ ಬಂದಿತ್ತು, ಅದರ ಹಿಂದೆ ಬಾವಿ ಇರಲಿಲ್ಲ. ಮಸೀದಿಗೆ ಹೊಸ ಕಾಂಪೌಂಡು ಬಂದಿತ್ತು, ಅದರ ಮುಂದೆಯೂ ಬಾವಿ ಇರಲಿಲ್ಲ. ಬಿಸು ಹೆಜ್ಜೆಯಿಂದ ನೆಲ ತಟ್ಟಿ ನೋಡಿದ, ಪೊಳ್ಳು ಸಪ್ಪಳ ಬಂದೀತೆಂದು. ನಾನೂ ತಟ್ಟಿದೆ. ಇಬ್ಬರೂ ಓಣಿಯ ನಡುವೆ, ಎರಡು ಜಾಗಕ್ಕೂ ಸರಿಯಾಗಿ ಮಧ್ಯದಲ್ಲಿ, ಸಿಮೆಂಟಿಗೆ ಕಾಲು ಬಡಿಯುತ್ತಾ ನಿಂತಿದ್ದೆವು.

ಪಕ್ಕದ ಬಾಗಿಲಿನಿಂದ ವಯಸ್ಸಾದ ಹೆಂಗಸೊಬ್ಬಳು ಎರಡು ಪ್ಲಾಸ್ಟಿಕ್ ಕೊಡ ಹಿಡಿದು ಹೊರಗೆ ಬಂದಳು. ನಮ್ಮನ್ನು ಕಂಡು ನಿಂತಳು.

"ಯಾರ್ರೀ ನೀವು? ಯಾವೂರವ್ರು?"

ನಾನು ಬಿಸುವಿನ ಕಡೆ ನೋಡಿದೆ. ಬಿಸು ನನ್ನ ಕಡೆ ನೋಡಿದ. ಇಡೀ ಮಧ್ಯಾಹ್ನ ಸಾಕ್ಷಿ, ವಾದ, ಅಶೋಕ ಎಲ್ಲ ಆಗಿ ಮುಗಿದ ಪ್ರಶ್ನೆ ಅದು.

"ಇಲ್ಲಿಯವ್ರೇ ರೀ ಅಮ್ಮ" ಅಂದ ಬಿಸು, ಇಬ್ಬರ ಪರವಾಗಿ. "ಲೋಕಲ್."

"ಲೋಕಲ್ ಇದ್ದು ಗೊತ್ತಿಲ್ಲೇನು, ನಳ ಬರೋ ಹೊತ್ತಿದು" ಅಂದಳು ಅವಳು, ಕೊಡದಿಂದ ನನ್ನ ಮೊಣಕೈಯನ್ನು ಆಚೆ ತಳ್ಳುತ್ತಾ. "ಹಾದಿ ಬಿಡ್ರಿ."